ಮೀನು ಬೇಗ ಬೆಳೆಯುತ್ತದೆ ಅಂತ ಪುಡಿ ಮಾರಲು ಬಂದರೆ ಕೊಳ್ಳುವ ಮುಂಚೆ ಇದನ್ನು ಓದಿ

ಹೋದ ತಿಂಗಳು ಒಂದೇ ಬೆಳಗಿನ ಜಾವದಲ್ಲಿ ನನ್ನ ಹೊಂಡದ 300ಕ್ಕೂ ಹೆಚ್ಚು ಮೀನು ಸತ್ತವು. ರೋಗ ಬಂದು ಸತ್ತಿದ್ದಲ್ಲ. ನಾನೇ ನಂಬಿ ಹಾಕಿದ ಪುಡಿ, ಅದರ ಜೊತೆ ಸುರಿದ ಮೇವು, ಇವೇ ಕಾರಣ.

ನಮ್ಮದು ಮಳವಳ್ಳಿ ಕಡೆ. ಹತ್ತು ಗುಂಟೆ ಹೊಂಡಕ್ಕೆ ಕಾಟ್ಲಾ, ರೋಹು, ಮೃಗಾಲ್ ಸೇರಿ 800 ಮರಿ ಬಿಟ್ಟಿದ್ದೆ. ತವಡು, ಕಡಲೆಕಾಯಿ ಹಿಂಡಿ ಸಮಸಮ ಬೆರೆಸಿ ದಿನಕ್ಕೆ 5 ಕೆಜಿ ಹಾಕುತ್ತಿದ್ದೆ. ಐದನೇ ತಿಂಗಳಿಗೆ ಒಂದೊಂದು ಮೀನು 300 ಗ್ರಾಂ ಹತ್ತಿರ ಬಂದಿತ್ತು. ಆಗ ಬೈಕಿನಲ್ಲಿ ಒಬ್ಬರು ಬಂದರು. "ಇದನ್ನು ಹಾಕಿ ಅಣ್ಣ, ಇನ್ನು ಮೂರೇ ತಿಂಗಳಿಗೆ ಕೆಜಿ ದಾಟುತ್ತೆ. ಹಸಿವು ಜಾಸ್ತಿ ಆಗುತ್ತೆ, ಮೇವೂ ಎರಡು ಪಾಲು ಕೊಡಿ" ಅಂದರು. ಮನೆಯಲ್ಲಿ ಸಾಲದ ಕಂತು ಹತ್ತಿರ ಬಂದಿತ್ತು. ನಂಬಿಬಿಟ್ಟೆ.

ಡಬ್ಬದ ಮೇಲೆ ದೊಡ್ಡ ಮೀನಿನ ಚಿತ್ರ ಇತ್ತು. ಒಳಗೆ ಏನೇನು ಬೆರೆಸಿದ್ದಾರೆ, ಯಾವಾಗ ಮಾಡಿದ್ದು, ಯಾರು ಮಾಡಿದ್ದು, ಒಂದೂ ಬರೆದಿರಲಿಲ್ಲ. ಅಲ್ಲೇ ನಾನು ನಿಲ್ಲಬೇಕಿತ್ತು.

ಹಳದಿ ಪುಡಿಯನ್ನು ಮೇವಿಗೆ ಸುಮ್ನೆ ಉದುರಿಸಿ ದಿನಕ್ಕೆ 10 ಕೆಜಿ ಹಾಕತೊಡಗಿದೆ. ಎರಡು ವಾರಕ್ಕೆ ನೀರು ದಟ್ಟ ಹಸಿರಾಯಿತು. ನೀರು ಹಸಿರಾದರೆ ಮೀನಿಗೆ ಒಳ್ಳೆಯದೇ ಅಂದುಕೊಂಡೆ. ಆಮೇಲೆ ಮೂರು ದಿನ ಮೋಡ, ಜಡಿಮಳೆ. ನಾಲ್ಕನೇ ದಿನ ಬೆಳಗಿನ ಜಾವ ಐದಕ್ಕೆ ಹೋದರೆ ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ಗಾಳಿ ಎಳೆಯುತ್ತಿದ್ದವು. ಬೆಳಕು ಹರಿಯುವಷ್ಟರಲ್ಲಿ ದೊಡ್ಡ ಕಾಟ್ಲಾಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಪಂಪ್ ಹಾಕಿ ನೀರನ್ನು ಮೇಲಿನಿಂದ ಚಿಮ್ಮಿಸಿದ್ದರಿಂದ ಉಳಿದವು ಉಳಿದುಕೊಂಡವು. ಹೊಂಡದ ತಳದ ಕೆಸರು ಎತ್ತಿ ನೋಡಿದರೆ ಕಪ್ಪಗೆ, ಕೊಳೆತ ಮೊಟ್ಟೆಯ ವಾಸನೆ. ನನ್ನ ಹತ್ತು ಕೆಜಿಯಲ್ಲಿ ಅರ್ಧಕ್ಕರ್ಧ ಅಲ್ಲೇ ಕೊಳೆತಿತ್ತು.

ಮೀನುಗಾರಿಕೆ ಓದಿದ ನೆಂಟರೊಬ್ಬರು ಬಂದು ಬಿಡಿಸಿ ಹೇಳಿದರು. ಈ ಗೆಂಡೆ ಜಾತಿಯ ಮೀನಿಗೆ ಜಠರವೇ ಇಲ್ಲ, ಒಂದೇ ಸಲಕ್ಕೆ ಜಾಸ್ತಿ ತಿಂದು ಇಟ್ಟುಕೊಳ್ಳಲಾರವು. ಉಳಿದ ಮೇವು ಕೊಳೆಯುವಾಗ ನೀರಿನ ಆಮ್ಲಜನಕ ಹೀರುತ್ತದೆ, ಅಮೋನಿಯಾ ಬಿಡುತ್ತದೆ. ನೀರನ್ನು ಹಸಿರು ಮಾಡಿದ ಪಾಚಿ ಹಗಲು ಆಮ್ಲಜನಕ ಕೊಟ್ಟರೂ ರಾತ್ರಿ ತಾನೇ ಬಳಸುತ್ತದೆ. ಮೋಡ ಕವಿದರೆ ಹಗಲಿನದೂ ಕಡಿಮೆ. ಹಾಗಾಗಿ ಪೆಟ್ಟು ಬೀಳುವುದು ಬೆಳಗಿನ ಜಾವದಲ್ಲೇ.

ಪುಡಿ ಹಾಕಿದ ಒಂದು ಹಿಡಿ ಮೇವನ್ನು ಸ್ಟೀಲ್ ಲೋಟದ ನೀರಿಗೆ ಬಿಟ್ಟು ತೋರಿಸಿದರು. ಎರಡೇ ನಿಮಿಷಕ್ಕೆ ನೀರು ಹಳದಿ. ಅಂದರೆ ಆ ಪುಡಿ ಮೀನಿನ ಹೊಟ್ಟೆಗೆ ಹೋಗಿದ್ದೇ ಕಡಿಮೆ.

ಪೂರಕಗಳೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ಮೀನಿಗೂ ವಿಟಮಿನ್ ಸಿ ಬೇಕು, ಖನಿಜ ಬೇಕು. ಆದರೆ ಮಣ್ಣಿನ ಹೊಂಡದಲ್ಲಿ ಬಹಳಷ್ಟು ಅವಕ್ಕೆ ನೀರಿನ ಸೂಕ್ಷ್ಮಜೀವಿಗಳಿಂದಲೇ ಸಿಗುತ್ತದೆ. ಕೊಡಲೇಬೇಕು ಅಂದರೆ ನೀರಲ್ಲಿ ತೊಳೆದುಹೋಗದ ಹಾಗೆ ಮೇವಿನ ಜೊತೆ ಎಣ್ಣೆ ಅಥವಾ ಅಂಟು ಬೆರೆಸಿ, ನೆರಳಲ್ಲಿ ಆರಿಸಿ ಕೊಡಬೇಕಂತೆ. ಹೆಸರಿಲ್ಲದ ಪುಡಿಯಲ್ಲಿ ಆಂಟಿಬಯೋಟಿಕ್ ಇದ್ದರಂತೂ ಇನ್ನೂ ಕಷ್ಟ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಎಂಬ ಆಂಟಿಬಯೋಟಿಕ್‌ಗಳನ್ನು ಮೀನು ಸಾಕಣೆಯಲ್ಲಿ ಬಳಸುವಂತಿಲ್ಲ. ಆ ಮೀನನ್ನು ತಿನ್ನುವವರು ನಮ್ಮ ಮಕ್ಕಳೂ ಹೌದು ಅಲ್ವಾ?

ಈಗ ತೂತು ಮಾಡಿದ ಚೀಲದಲ್ಲಿ ಮೇವು ತುಂಬಿ ಗೂಟಕ್ಕೆ ಕಟ್ಟುತ್ತೇನೆ. ಸಂಜೆ ಚೀಲದಲ್ಲಿ ಉಳಿದಿದ್ದರೆ ಮರುದಿನ ಕಡಿಮೆ. ಮೋಡದ ದಿನ ಮೇವೇ ಇಲ್ಲ.

ಅದೇ ಹಳದಿ ಪುಡಿಯವರು ಈಗ ಪಕ್ಕದ ಊರುಗಳಲ್ಲಿ ತಿರುಗುತ್ತಿದ್ದಾರೆ ಅಂತ ನಿನ್ನೆ ಗೊತ್ತಾಯಿತು. ಅದಕ್ಕೇ ಇವತ್ತೇ ಕೂತು ಬರೆದೆ.