ಮಗಳ ಫಿಟ್ಸ್ ಔಷಧಿ ಹೊರದೇಶದಿಂದ ತರಿಸಿಕೊಟ್ಟ ಸರ್ವಿಸ್: ಐದಕ್ಕೆ ನಾಲ್ಕು ಸ್ಟಾರ್

ನಮ್ಮಲ್ಲಿ ಮಾರಾಟಕ್ಕೇ ಇಲ್ಲದ ಔಷಧಿಯನ್ನು ರೋಗಿಯ ಹೆಸರಲ್ಲೇ ಪರ್ಮಿಟ್ ಮಾಡಿಸಿ ಹೊರಗಿನಿಂದ ತರಿಸಿಕೊಡುವುದು ಇವರ ಕೆಲಸ. ಯಾರು ಅಂತ ಬರೆಯುತ್ತಿಲ್ಲ, ಯಾಕೆಂದರೆ ಕೆಳಗೆ ಸ್ವಲ್ಪ ಬೈಗುಳವೂ ಇದೆ.

ನಮಗೆ ಬೇಕಿದ್ದಿದ್ದು ಸ್ಟಿರಿಪೆಂಟಾಲ್. ಮಗಳಿಗೆ ಡ್ರಾವೆ ಸಿಂಡ್ರೋಮ್ ಅನ್ನುವ ಫಿಟ್ಸ್ ಕಾಯಿಲೆ ಇದೆ. ಜ್ವರ ಇರಲಿ, ಬಿಸಿನೀರಿನ ಸ್ನಾನ ಇರಲಿ, ಮೈ ಸ್ವಲ್ಪ ಬಿಸಿಯಾದರೆ ಸಾಕು, ಫಿಟ್ಸ್ ಶುರುವಾಗಿಬಿಡುತ್ತದೆ. ವಾಲ್ಪ್ರೊಯೇಟ್, ಕ್ಲೊಬಜಾಮ್ ಅನ್ನುವ ಫಿಟ್ಸ್ ಔಷಧಿ ಎರಡೂ ನಡೆಯುತ್ತಿದ್ದವು, ಸಾಲಲಿಲ್ಲ. ಬೇರೆ ಮಕ್ಕಳಿಗೆ ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೀನ್ ಈ ಕಾಯಿಲೆಯಲ್ಲಿ ಫಿಟ್ಸ್ ಜಾಸ್ತಿ ಮಾಡುತ್ತದೆ, ಅದನ್ನು ಮುಟ್ಟುವ ಹಾಗೇ ಇಲ್ಲ. ಹಾಗಾಗಿ ಡಾಕ್ಟರ್ ಸ್ಟಿರಿಪೆಂಟಾಲ್ ಸೇರಿಸೋಣ ಅಂದರು. ಫ್ರಾನ್ಸಿನ ಬಯೋಕೊಡೆಕ್ಸ್ ಕಂಪನಿ ಇದನ್ನು ಡಯಾಕೊಮಿಟ್ ಅನ್ನುವ ಹೆಸರಲ್ಲಿ ಮಾಡುತ್ತದೆ. ಯುರೋಪಿನಲ್ಲಿ 2007ರಲ್ಲೇ ಒಪ್ಪಿಗೆ ಸಿಕ್ಕಿದ ಔಷಧಿ ಅಮೆರಿಕದ ಅಂಗಡಿಗೆ ಬರಲು 2018ರ ಒಪ್ಪಿಗೆ ಬೇಕಾಯಿತು. ಅಲ್ಲಿಯ ತಂದೆತಾಯಂದಿರೂ ಅಷ್ಟು ವರ್ಷ ಹೊರಗಿನಿಂದಲೇ ತರಿಸಿಕೊಳ್ಳಬೇಕಿತ್ತು. ಕಾಯಿಲೆ ಅಪರೂಪ, ಗಿರಾಕಿಗಳು ಕಡಿಮೆ, ಎಲ್ಲ ದೇಶದಲ್ಲೂ ನೋಂದಣಿ ಮಾಡಿಸುವ ಖರ್ಚು ಕಂಪನಿಗೆ ಗಿಟ್ಟುವುದಿಲ್ಲ ಅಲ್ವಾ.

ಇವರಿಗಿಂತ ಮೊದಲು ಇನ್ನೂ ಅಗ್ಗವಾಗಿ ಕೊಡುತ್ತೇವೆ ಅನ್ನುವ ಒಂದು ವೆಬ್‌ಸೈಟ್ ನೋಡಿದ್ದೆ. ಪ್ರಿಸ್ಕ್ರಿಪ್ಷನ್ನೇ ಕೇಳಲಿಲ್ಲ. ಅಲ್ಲಿಗೇ ಕೈಬಿಟ್ಟೆ. ಇವರು ಮಾತ್ರ ದುಡ್ಡಿನ ಮಾತೆತ್ತುವ ಮೊದಲೇ ಕಾಗದ ಕೇಳಿದರು. ಪ್ರಿಸ್ಕ್ರಿಪ್ಷನ್‌ನಲ್ಲಿ ಬ್ರ್ಯಾಂಡ್ ಜೊತೆ ಔಷಧಿಯ ಮೂಲ ಹೆಸರು, ಮಗುವಿನ ತೂಕ, ದಿನದ ಡೋಸ್, ಎಷ್ಟು ತಿಂಗಳಿಗೆ ಬೇಕು ಎಲ್ಲ ಇರಬೇಕು. ಇಲ್ಲಿ ಸಿಗುವ ಔಷಧಿ ಯಾಕೆ ಸಾಲುವುದಿಲ್ಲ ಅಂತ ಡಾಕ್ಟರ್ ಬೇರೆ ಪತ್ರ ಕೊಡಬೇಕು. ಎಲ್ಲ ಕಾಗದದಲ್ಲೂ ಮಗುವಿನ ಹೆಸರಿನ ಸ್ಪೆಲ್ಲಿಂಗ್ ಒಂದೇ ಇರಬೇಕು, ಇಲ್ಲದಿದ್ದರೆ ಕಸ್ಟಮ್ಸ್‌ನಲ್ಲಿ ಕೂತುಬಿಡುತ್ತದೆ ಅಂತ ಒತ್ತಿ ಹೇಳಿದರು. ಆಗ ಕಿರಿಕಿರಿ ಅನಿಸಿತ್ತು, ಆದರೆ ನನ್ನ ನಾಲ್ಕು ಸ್ಟಾರ್‌ನಲ್ಲಿ ಎರಡು ಈ ಕಿರಿಕಿರಿಗೇ.

ಪೂರ್ತಿ ದುಡ್ಡು ಕಟ್ಟುವ ಮೊದಲು ಡಬ್ಬಿಯ ಫೋಟೋ ಕಳಿಸಿದರು, ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾರೀಕು ಕಾಣುವ ಹಾಗೆ. ಯುರೋಪಿನಲ್ಲಿ 2019ರ ಫೆಬ್ರುವರಿಯಿಂದ ಪ್ರಿಸ್ಕ್ರಿಪ್ಷನ್ ಔಷಧಿಯ ಪ್ರತಿ ಡಬ್ಬಿಗೂ ಅದರದ್ದೇ ಆದ ನಂಬರ್ ಇರುವ ಚೌಕದ ಕೋಡ್, ತೆರೆದರೆ ಗೊತ್ತಾಗುವ ಸೀಲ್ ಎರಡೂ ಬೇಕು ಅನ್ನುವ ನಿಯಮ ಇದೆ. ನೀವೂ ಡಬ್ಬಿ ಕೈಗೆ ಬಂದ ತಕ್ಷಣ ಅದನ್ನೇ ಮೊದಲು ನೋಡಿ.

ಇವರ ಫಾರ್ಮಸಿಸ್ಟ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಒಳಗಿನ ಕಾಗದ ನಮಗೆ ಓದಲು ಬಾರದ ಭಾಷೆಯಲ್ಲಿತ್ತು. ಅವರೇ ಫೋನ್ ಮಾಡಿ ಕೂತು ವಿವರಿಸಿದರು. ಹೊಟ್ಟೆಯ ಆಮ್ಲಕ್ಕೆ ಈ ಔಷಧಿ ಬೇಗ ಕೆಡುತ್ತದಂತೆ, ಅದಕ್ಕೆ ಖಾಲಿ ಹೊಟ್ಟೆಯಲ್ಲಿ ಕೊಡಬಾರದು, ಊಟದ ಜೊತೆಗೇ ಕೊಡಬೇಕು. ಆದರೆ ಹಾಲು, ಮೊಸರು, ಹಣ್ಣಿನ ರಸ, ಸೋಡಾ ಜೊತೆ ಬೇಡ. ಪುಡಿಯನ್ನು ನೀರಲ್ಲಿ ಕಲಸಿದರೆ ತಕ್ಷಣ ಕುಡಿಸಬೇಕು. ಇದು ಕ್ಲೊಬಜಾಮ್‌ನ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ, ಮಗು ತುಂಬಾ ತೂಕಡಿಸಿದರೆ ಡಾಕ್ಟರಿಗೆ ಹೇಳಿ ಅಂದಿದ್ದರು. ಹಾಗೇ ಆಯಿತು, ಡಾಕ್ಟರ್ ಕ್ಲೊಬಜಾಮ್ ಇಳಿಸಿದರು.

ಇನ್ನು ಬೈಗುಳ. ಮೊದಲು ಹೇಳಿದ ರೇಟಿನಲ್ಲಿ ಸುಂಕವೂ ಇರಲಿಲ್ಲ, ಕೊರಿಯರ್ ಖರ್ಚೂ ಇರಲಿಲ್ಲ. ಎಲ್ಲ ಆಮೇಲೆ ಒಂದೊಂದಾಗಿ ಬಂತು. ಪಾರ್ಸೆಲ್ ಎಲ್ಲಿದೆ ಅಂತ ಕೇಳಿದರೆ ಉತ್ತರ ಬರುವುದು ನಿಧಾನ. ಅದೂ ಹೋಗಲಿ. ಇನ್ನೊಂದು ಆರ್ಡರ್ ಹೊತ್ತಿಗೆ ಪುಡಿಯ ಸ್ಯಾಷೆ ಸ್ಟಾಕ್ ಇರಲಿಲ್ಲ, ಸೇಲ್ಸ್ ಹುಡುಗ "ಕ್ಯಾಪ್ಸೂಲ್ ಇದೆ ಮೇಡಂ, ಎರಡೂ ಒಂದೇ, ಕಳಿಸಲಾ?" ಅಂತ ಮೆಸೇಜ್ ಹಾಕಿದ. ಒಂದೇ ಅಲ್ಲ! ಮಿಲಿಗ್ರಾಂ ಒಂದೇ ಇದ್ದರೂ ಪುಡಿ ರಕ್ತಕ್ಕೆ ಸೇರುವ ರೀತಿ ಸ್ವಲ್ಪ ಬೇರೆ, ಬದಲಾಯಿಸುವುದಾದರೆ ಡಾಕ್ಟರ್ ನಿಗಾದಲ್ಲೇ ಆಗಬೇಕು. ಅಷ್ಟು ಒಳ್ಳೆಯ ಫಾರ್ಮಸಿಸ್ಟ್ ಇಟ್ಟುಕೊಂಡು, ಇಂಥ ಮಾತನ್ನು ಅವರನ್ನು ಕೇಳದೆ ಹೇಳುವುದು ಯಾಕೆ? ಐದನೇ ಸ್ಟಾರ್ ಹೋಗಿದ್ದು ಇಲ್ಲೇ.

ಔಷಧಿಯಿಂದ ಫಿಟ್ಸ್ ಪೂರ್ತಿ ನಿಂತಿಲ್ಲ. ಆದರೆ ಗಾಬರಿ ಹುಟ್ಟಿಸುವಷ್ಟು ಹೊತ್ತು ಎಳೆಯುವ ಫಿಟ್ಸ್ ಕಡಿಮೆಯಾಗಿದೆ. ಹಸಿವು ಸ್ವಲ್ಪ ಸತ್ತಿದೆ, ತೂಕ ನೋಡುತ್ತಿರುತ್ತೇವೆ. ಇದನ್ನು ಏಕಾಏಕಿ ನಿಲ್ಲಿಸುವ ಹಾಗಿಲ್ಲ, ಹಾಗಾಗಿ ಡಬ್ಬಿ ಅರ್ಧವಾಗುವ ಮೊದಲೇ ಮುಂದಿನದಕ್ಕೆ ಹೇಳುತ್ತೇವೆ, ಪರ್ಮಿಟ್ ಯಾವಾಗ ಮುಗಿಯುತ್ತದೆ ಅಂತಲೂ ಆಗಲೇ ಕೇಳಿಬಿಡುತ್ತೇವೆ. ಈ ಸಲವೂ ಇವರಿಗೇ ಆರ್ಡರ್ ಕೊಟ್ಟಿದ್ದೇವೆ, "ಸ್ಯಾಷೆ ಮಾತ್ರ" ಅಂತ ದೊಡ್ಡ ಅಕ್ಷರದಲ್ಲಿ ಬರೆದು.