ಕಾರ್ಬನ್ ಪರ್ಮಿಟ್: ಕೊನೆಗೆ ಕೊಳ್ಳೋದಾ, ತಿಂಗಳಿಗಿಷ್ಟು ಕೊಳ್ಳೋದಾ, ಹೊಗೆಯನ್ನೇ ಇಳಿಸೋದಾ?

ಯುರೋಪಿನಲ್ಲಿ 2005ರಿಂದ ಕಡ್ಡಾಯ ಕಾರ್ಬನ್ ವ್ಯಾಪಾರ ಇದೆ. ಅಲ್ಲಿನ ಒಂದು ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ಇದರ ಲೆಕ್ಕ ನೋಡುವುದು ನನ್ನ ಕೆಲಸ. ಕಾರ್ಖಾನೆ ಬಿಡುವ ಪ್ರತಿ ಟನ್ ಇಂಗಾಲದ ಡೈಆಕ್ಸೈಡ್‌ಗೆ ಒಂದು ಪರ್ಮಿಟ್ ಸರ್ಕಾರಕ್ಕೆ ಒಪ್ಪಿಸಬೇಕು. ಒಂದಷ್ಟು ಪುಕ್ಕಟೆ ಸಿಗುತ್ತದೆ, ಉಳಿದದ್ದನ್ನು ಕೊಳ್ಳಬೇಕು. ಮೂರು ದಾರಿ ಹಿಡಿದು ನೋಡಿದ್ದೇವೆ.

ಮೊದಲು ಮಾಡುತ್ತಿದ್ದದ್ದು ಕೊನೇ ಗಳಿಗೆಯ ಖರೀದಿ. 2018ರ ಶುರುವಿನಲ್ಲಿ ಪರ್ಮಿಟ್ 8 ಯುರೋ ಆಸುಪಾಸು, ಯಾರು ತಲೆ ಕೆಡಿಸಿಕೊಳ್ತಾರೆ? ಇನ್ನೊಂದು ಚಾಳಿಯೂ ಇತ್ತು. ಹೊಸ ವರ್ಷದ ಪುಕ್ಕಟೆ ಪರ್ಮಿಟ್ ಫೆಬ್ರವರಿಯಲ್ಲೇ ಖಾತೆಗೆ ಬೀಳುತ್ತಿತ್ತು, ಹೋದ ವರ್ಷದ ಬಾಕಿಗೆ ಏಪ್ರಿಲ್ 30ರವರೆಗೆ ಟೈಮ್ ಇತ್ತು, ಹಾಗಾಗಿ ಇದನ್ನೇ ಎತ್ತಿ ಅದಕ್ಕೆ ಕಟ್ಟಿಬಿಡುತ್ತಿದ್ದೆವು. 2021ರಲ್ಲಿ ಈ ವ್ಯಾಪಾರದ ಹೊಸ ಹಂತ ಶುರುವಾಯಿತು, 2020ರ ಬಾಕಿಗೆ 2021ರ ಪರ್ಮಿಟ್ ನಡೆಯಲಿಲ್ಲ. ಅಷ್ಟೊತ್ತಿಗೆ ಬೆಲೆ 40 ದಾಟಿತ್ತು! ಕೊಡದೆ ಕೂರುವ ಹಾಗೂ ಇಲ್ಲ. ಟನ್ನಿಗೆ 100 ಯುರೋ ಮೇಲೆ ದಂಡ, ಅದನ್ನು ಕಟ್ಟಿದ ಮೇಲೂ ಪರ್ಮಿಟ್ ತಂದು ಒಪ್ಪಿಸಲೇಬೇಕು.

ಆಮೇಲೆ ತಿಂಗಳಿಗಿಷ್ಟು ಅಂತ ಕೊಳ್ಳಲು ಶುರು ಮಾಡಿದೆವು. 2022ರ ಫೆಬ್ರವರಿಯಲ್ಲಿ 90ರ ಮೇಲೆ ಕೊಂಡೆ, ಉಕ್ರೇನ್ ಯುದ್ಧ ಶುರುವಾಗಿ ಮಾರ್ಚ್‌ನಲ್ಲಿ ಅದೇ 60ಕ್ಕಿಂತ ಕೆಳಗಿಳಿಯಿತು, ಬೈಸಿಕೊಂಡೆ. 2023ರ ಫೆಬ್ರವರಿಯಲ್ಲಿ 100 ದಾಟಿದಾಗ ಯಾರೂ ಬೈಯಲಿಲ್ಲ, ಹೊಗಳಲೂ ಇಲ್ಲ. ಮುಂಚೆಯೇ ಕೊಂಡ ಪರ್ಮಿಟ್‌ನಲ್ಲಿ ದುಡ್ಡು ಸುಮ್ನೆ ಕೂತಿರುತ್ತದೆ ಅಂತ ಅಕೌಂಟ್ಸ್‌ನವರ ಗೊಣಗಾಟ ಮಾತ್ರ ನಿಂತಿಲ್ಲ. ಆದರೂ ನನಗೆ ರಾತ್ರಿ ನಿದ್ದೆ ಬರುತ್ತದೆ.

ಮೂರನೆಯದು ಒಡೆದ ಗಾಜನ್ನೇ ಮತ್ತೆ ಕುಲುಮೆಗೆ ಹಾಕುವುದು, ನನಗೆ ಜಾಸ್ತಿ ಇಷ್ಟವಾದದ್ದು ಇದೇ. ನಮ್ಮ ಹೊಗೆ ಬರೀ ಗ್ಯಾಸಿನದ್ದಲ್ಲ, ಗಾಜಿನ ಕಚ್ಚಾ ಮಾಲಾಗಿ ಕುಲುಮೆಗೆ ಹಾಕುವ ಸೋಡಾ ಆಶ್, ಸುಣ್ಣದಕಲ್ಲು ಕಾದಾಗಲೂ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಒಡೆದ ಗಾಜು ಒಮ್ಮೆ ಕರಗಿ ಬಂದದ್ದು, ಅದರಿಂದ ಆ ಕಾಟವಿಲ್ಲ. ಅದನ್ನು 10% ಜಾಸ್ತಿ ಹಾಕಿದರೆ ಇಂಧನವೂ ಸುಮಾರು 2.5% ಉಳಿಯುತ್ತದೆ. ಕುಲುಮೆಯನ್ನೇ ಬದಲಿಸೋಣ ಅಂದರೆ ಅದು ಹತ್ತು ಹದಿನೈದು ವರ್ಷ ಆರಿಸದೆ ಉರಿಯುವ ವಸ್ತು, ನಡುವೆ ಕೈ ಹಾಕುವ ಹಾಗಿಲ್ಲ.

ಆದರೆ ಮೊದಲ ಲೋಡಿನಲ್ಲೇ ಪೆಟ್ಟು ತಿಂದೆವು. ಚೂರಿನ ಜೊತೆ ಯಾರದೋ ಒಡೆದ ಪಿಂಗಾಣಿ ಕಪ್ ಸೇರಿತ್ತು. ಪಿಂಗಾಣಿ ಆ ಶಾಖಕ್ಕೆ ಕರಗುವುದಿಲ್ಲ. ಬಾಟಲಿಯ ಮೈಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ, ಇಡೀ ಪಾಳಿಯ ಮಾಲು ವಾಪಸ್ ಚೂರಿನ ರಾಶಿಗೆ. ಈಗ ಆರಿಸಿ ಕೊಡುವವರಿಂದಲೇ ತರಿಸುತ್ತೇವೆ. ಬೇರೆ ಕಾರ್ಖಾನೆಯವರೂ ಇದೇ ಲೆಕ್ಕ ಹಾಕಿದ್ದಾರೆ ಅಲ್ವಾ, ಒಳ್ಳೆ ಬಿಳಿ ಚೂರಿಗೆ ಈಗ ನಾವು ಸಾಲಿನಲ್ಲಿ ನಿಲ್ಲಬೇಕು. ಸಿಕ್ಕಷ್ಟು ಚೂರು ಹಾಕುತ್ತೇವೆ, ಸಾಲದ್ದಕ್ಕೆ ತಿಂಗಳ ಖರೀದಿ.