ಬೆಂಕಿ ಲೈನ್ ಮಾಡಿ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಬರುವವರಿಗೆ ಒಂದು ರೂಪಾಯಿ ಕೊಡಬೇಡಿ

ಹೆಬ್ರಿ, ಕಾರ್ಕಳ, ಬೆಳ್ತಂಗಡಿ ಕಡೆ ಕಾಡಿಗೆ ತಾಗಿ ಜಾಗ ಇರುವವರು ದಯವಿಟ್ಟು ಪೂರ್ತಿ ಓದಿ. ಬೆಂಕಿ ಲೈನ್ ಅಂದರೆ ಬೆಂಕಿ ದಾಟದ ಹಾಗೆ ಜಾಗದ ಅಂಚಲ್ಲಿ ಹುಲ್ಲು, ತರಗೆಲೆ ಹೆರೆಸಿ ಮಾಡುವ ಬರಿ ಮಣ್ಣಿನ ಪಟ್ಟಿ. ಅದರಲ್ಲೂ ನನ್ನ ಹಾಗೆ ಮಂಗಳೂರಲ್ಲಿ ಕೂತು ಊರಿನ ಗೇರು ಗುಡ್ಡೆಯನ್ನು ಫೋನಲ್ಲೇ ನೋಡಿಕೊಳ್ಳುವವರು. ಇವರು ಹುಡುಕಿಕೊಂಡು ಬರುವುದು ನಮ್ಮಂಥವರನ್ನೇ.

ಬಂದವನು ಲ್ಯಾಮಿನೇಷನ್ ಮಾಡಿದ ಹಾಳೆ ಮುಂದಿಟ್ಟ. 1927ರ ಭಾರತೀಯ ಅರಣ್ಯ ಕಾಯಿದೆ, ಸೆಕ್ಷನ್ 79, ಹಳದಿ ಬಣ್ಣ ಬೇರೆ ಬಳಿದಿತ್ತು. "ಸರ್, ನಿಮ್ಮದು ರಿಸರ್ವ್ ಫಾರೆಸ್ಟಿಗೆ ತಾಗಿದ ಜಾಗ. ಬೆಂಕಿ ಬಿದ್ದರೆ ನಂದಿಸುವ ಜವಾಬ್ದಾರಿ ನಿಮ್ಮದೇ. ಇಲ್ಲದಿದ್ದರೆ ಲಕ್ಷಗಟ್ಟಲೆ ದಂಡ, ಜೈಲು. ಲೈನ್ ನಾವು ಮಾಡುತ್ತೇವೆ, ಇಲಾಖೆಯ ಸರ್ಟಿಫಿಕೇಟೂ ತರುತ್ತೇವೆ, ಆಮೇಲೆ ನಿಮ್ಮ ಮೇಲೆ ಏನೂ ಬರುವುದಿಲ್ಲ." ಏನೂ ಬರುವುದಿಲ್ಲ ಅಂದ, ನೆನಪಿಟ್ಟುಕೊಳ್ಳಿ. 22 ಸಾವಿರ ಹೇಳಿ 18ಕ್ಕೆ ಇಳಿದ. ಪೂರ್ತಿ ಅಡ್ವಾನ್ಸ್.

ವಾಟ್ಸಾಪಲ್ಲಿ ಫೋಟೋ ಬಂತು. ಕೆಂಪು ಮಣ್ಣು ಕಾಣುವ ಹಾಗೆ ಚೆಂದ ಹೆರೆಸಿದ್ದ. ಅದು ರಸ್ತೆ ಬದಿಯ ಫೋಟೋ ಮಾರಾಯ್ರೆ! ತಿರುವು ದಾಟಿದರೆ ಮುಳಿಹುಲ್ಲು ಸೊಂಟದವರೆಗೆ ಹಾಗೇ ನಿಂತಿತ್ತು, ಮೆಷಿನ್ ಮುಟ್ಟಿಯೇ ಇಲ್ಲ. ಹೆರೆಸಿದಷ್ಟೂ ನನ್ನ ಹೆಸರಲ್ಲಿರುವ ವರ್ಗ ಜಾಗದಲ್ಲಲ್ಲ, ಅದಕ್ಕೆ ತಾಗಿದ ಸರ್ಕಾರಿ ಕುಮ್ಕಿ ಜಾಗದಲ್ಲಿ. ಒಣ ಹುಲ್ಲು, ತರಗೆಲೆ ಯಾವುದನ್ನೂ ಸಾಗಿಸಿಲ್ಲ, ಲೈನಿನ ಉದ್ದಕ್ಕೂ ರಾಶಿ ಹಾಕಿ ಹೋಗಿದ್ದ, ಬೆಂಕಿಗೆ ಬತ್ತಿ ಹೊಸೆದು ಇಟ್ಟ ಹಾಗೆ.

ಮಾರ್ಚಲ್ಲಿ ಮಧ್ಯಾಹ್ನದ ಗಾಳಿಗೆ ಬೆಂಕಿ ಬಂತು. ಆ ರಾಶಿ ಹಿಡಿದುಕೊಂಡೇ ಗುಡ್ಡೆಯ ಒಳಗೆ ಬಂತು. ಆಚೆಮನೆಯವರು, ಫಾರೆಸ್ಟ್ ಗಾರ್ಡು, ವಾಚರ್ ಎಲ್ಲ ಸೇರಿ ಹಸಿ ಗೆಲ್ಲು ಕಡಿದು ಬಡಿದು ಬಡಿದು ನಂದಿಸಿದರು. ಫಸಲು ಬರುವ ಮರಗಳು ಹೋದವು. ನಾನು ತಲುಪುವಾಗ ಎಲ್ಲ ಮುಗಿದಿತ್ತು, ಅವರ ಕೈ ಮುಖ ಎಲ್ಲ ಮಸಿ. ನಾನು ಮಾತ್ರ ಇಸ್ತ್ರಿ ಅಂಗಿಯಲ್ಲಿ ಸರ್ಟಿಫಿಕೇಟ್ ಹಿಡಿದು ನಿಂತಿದ್ದೆ. ಗಾರ್ಡ್ ಅದನ್ನು ತಿರುಗಿಸಿ ನೋಡಿ, "ಈ ಸೀಲ್ ನಮ್ಮ ಆಫೀಸಿನದ್ದಲ್ಲ ಸರ್, ಯಾರು ಕೊಟ್ಟದ್ದು?" ಅಂತ ಕೇಳಿದರು. ಏನು ಹೇಳುವುದು?

ಅವನಿಗೆ ಫೋನ್ ಮಾಡಿದೆ. ಮೊದಲು "ಗಾಳಿ ಜಾಸ್ತಿ ಇತ್ತು ಸರ್" ಅಂದ. ಆಮೇಲೆ "ನಮ್ಮದು ಹುಲ್ಲು ಹೆರೆಯುವ ಕಾಂಟ್ರಾಕ್ಟ್ ಮಾತ್ರ, ಬೆಂಕಿ ಕಾಯುವುದಲ್ಲ." ನಾನು ಬಿಡಲಿಲ್ಲ. ಆಗ ಬಂತು ನೋಡಿ ಉತ್ತರ: "ಸರ್, ಕಾನೂನು ಪ್ರಕಾರ ಜವಾಬ್ದಾರಿ ಜಾಗದವರದ್ದೇ ಅಲ್ವಾ? ಆವತ್ತೇ ಪೇಪರ್ ತೋರಿಸಿದ್ದೆನಲ್ಲ." ಅದೇ ಹಾಳೆ! ಹೆದರಿಸಿ ದುಡ್ಡು ತೆಗೆದದ್ದೂ ಅದೇ ಹಾಳೆಯಲ್ಲಿ, ಈಗ ಕೈ ತೊಳೆದುಕೊಂಡದ್ದೂ ಅದೇ ಹಾಳೆಯಲ್ಲಿ. ಮೈಯೆಲ್ಲ ಉರಿದುಹೋಯಿತು.

ಪರಿಚಯದ ವಕೀಲರ ಹತ್ತಿರ ಆ ಸೆಕ್ಷನ್ ಪೂರ್ತಿ ಓದಿಸಿದೆ. ಅದು ರಿಸರ್ವ್ ಅಥವಾ ಸಂರಕ್ಷಿತ ಕಾಡಿನಲ್ಲಿ ಹಕ್ಕು ಇರುವವರು, ಪರವಾನಗಿ ಮೇಲೆ ಮರ ತರುವವರು, ದನ ಮೇಯಿಸುವವರು, ಅವರ ಕೆಲಸದವರು, ಹೀಗೆ ಕೆಲವರಿಗೆ. ಅವರು ಬೆಂಕಿ ಗೊತ್ತಾದ ಕೂಡಲೇ, ಯಾರೂ ಕರೆಯದಿದ್ದರೂ, ನಂದಿಸಲು ಹೊರಡಬೇಕು. ಪಕ್ಕದಲ್ಲಿ ಜಾಗ ಇದೆ ಅಂದ ಮಾತ್ರಕ್ಕೆ ಅದರೊಳಗೆ ಬರುವುದಿಲ್ಲ. ಶಿಕ್ಷೆ ಎಷ್ಟು ಗೊತ್ತಾ? 200 ರೂಪಾಯಿವರೆಗೆ ದಂಡ, ಇಲ್ಲವೇ ಒಂದು ತಿಂಗಳವರೆಗೆ ಜೈಲು, ಅಥವಾ ಎರಡೂ. ಲಕ್ಷ ಎಲ್ಲಿಂದ ಬಂತು? ಅಷ್ಟಕ್ಕೂ ಕರ್ನಾಟಕಕ್ಕೆ 1963ರ ಅರಣ್ಯ ಕಾಯಿದೆ ಬೇರೆಯೇ ಇದೆ, ಈ ಪುಣ್ಯಾತ್ಮ ಅದರ ಹೆಸರೇ ಎತ್ತಿರಲಿಲ್ಲ. ಜವಾಬ್ದಾರಿ ಇರುವವರಾದರೂ ಅದನ್ನು ದುಡ್ಡು ಕೊಟ್ಟು ಇನ್ನೊಬ್ಬನ ತಲೆಗೆ ಕಟ್ಟಲು ಆಗುವುದಿಲ್ಲ ಅಂದರು ವಕೀಲರು.

ಬೇಸಗೆಗೆ ಮೊದಲೇ ನಿಮ್ಮ ಆಳು ಹಾಕಿ ಹೆರೆಸಿ. ಕಸ ದೂರ ಸಾಗಿಸಿ. ಕೊನೆತನಕ ನಡೆದು ನೋಡದೆ ದುಡ್ಡು ಕೊಡಬೇಡಿ, ಫೋಟೋ ನಂಬಲೇಬೇಡಿ. ಹೊಗೆ ಕಂಡರೆ ಅರಣ್ಯ ಇಲಾಖೆಯ 1926ಕ್ಕೆ, ಇಲ್ಲವೇ 101 ಅಥವಾ 112ಕ್ಕೆ ಫೋನ್ ಮಾಡಿ. ಸರ್ಟಿಫಿಕೇಟ್ ಅಂದವನನ್ನು ಸೀದಾ ರೇಂಜ್ ಆಫೀಸಿಗೆ ಕರೆದುಕೊಂಡು ಹೋಗಿ, ಅರ್ಧ ದಾರಿಯಲ್ಲೇ ಇಳಿದು ಓಡುತ್ತಾನೆ.

ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ಹಣ ವಾಪಸ್ ಕೇಳಿದ್ದಕ್ಕೆ ಅವನ ಮೆಸೇಜ್ ಬಂದಿದೆ: "ಬೇಜಾರು ಮಾಡಬೇಡಿ ಸರ್, ಮುಂದಿನ ವರ್ಷದ್ದಕ್ಕೆ ಎರಡು ಸಾವಿರ ಕಮ್ಮಿ ಮಾಡುತ್ತೇನೆ."